ಅಪ್‌ಡೇಟ್: ನೈಟ್ ವಿಷನ್‌ಗೆ ಹಗುರ ಹೆಲ್ಮೆಟ್ ಆಯ್ಕೆ ಆಯ್ತು

ಪಿವಿಎಸ್-14 (ಒಂದು ಕಣ್ಣಿಗೆ ಹಾಕುವ, ಕತ್ತಲಲ್ಲಿ ನೋಡಲು ನೆರವಾಗುವ ನೈಟ್ ವಿಷನ್ ಸಾಧನ) ಹಾಕಲು, ಗುಂಡು ತಡೆಯುವ ಅಗತ್ಯವಿಲ್ಲದ ಹಗುರ ಹೆಲ್ಮೆಟ್ ಯಾವುದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಟೀಮ್ ವೆಂಡಿ ಕಂಪನಿಯ ಎಕ್ಸ್‌ಫಿಲ್ ಎಲ್‌ಟಿಪಿ ಎಂಬ ಪ್ಲಾಸ್ಟಿಕ್ ಚಿಪ್ಪಿನ ಹೆಲ್ಮೆಟ್ ತಗೊಂಡೆ. ಅದರ ಕಾರ್ಬನ್ ಮಾದರಿಗೆ ಬೆಲೆ ಜಾಸ್ತಿ.

ಚಿಪ್ಪಿನ ತೂಕಕ್ಕಿಂತ ಹಿಡಿತವೇ ಮುಖ್ಯ. ಸಾಧನವೇ ಸುಮಾರು 350 ಗ್ರಾಂ, ಅದರ ಮೇಲೆ ಮೌಂಟ್ (ಸಾಧನವನ್ನು ಹೆಲ್ಮೆಟ್‌ಗೆ ಹಿಡಿದಿಡುವ ತೋಳು). ಎಲ್ಲವೂ ಹಣೆಯಿಂದ ಮುಂದಕ್ಕೆ ತೂಗುತ್ತದೆ. ಮೊದಲು ಹಿಂದಿನ ಡಯಲ್ ಬಿಗಿ ಮಾಡಿ, ಆಮೇಲೆ ಗಲ್ಲದ ಪಟ್ಟಿ. ಡಯಲ್ ಸಡಿಲವಿದ್ದರೆ ಹೆಲ್ಮೆಟ್ ಹುಬ್ಬಿನತ್ತ ಜಾರಿ, ಸಾಧನ ಕಣ್ಣಿನ ನೇರ ತಪ್ಪಿ, ಚಿತ್ರದ ಅಂಚು ಕತ್ತಲಾಗುತ್ತದೆ. ಹಿಂಬದಿಗೆ 250–300 ಗ್ರಾಂ ಪ್ರತಿಭಾರ ಸಾಕು. ಪೂರ್ತಿ ಸಮತೂಕಕ್ಕೆ ಹೋದರೆ ಒಟ್ಟು ಭಾರ ಹೆಚ್ಚಿ ಕುತ್ತಿಗೆಗೇ ಬೀಳುತ್ತದೆ. ಮೌಂಟ್ ಅಲುಗಾಡಿದರೆ ಶ್ರೌಡ್ (ಹೆಲ್ಮೆಟ್ ಮುಂಭಾಗದಲ್ಲಿ ಮೌಂಟ್ ಕೂರುವ ತಟ್ಟೆ) ಸ್ಕ್ರೂ ನೋಡಿ, ಉಳಿದ ಸಡಿಲಕ್ಕೆ ಇಲಾಸ್ಟಿಕ್ ದಾರ ಎಳೆದು ಕಟ್ಟಿ. ಮೌಂಟ್ ಕೂರಿಸಲು ಕ್ಲೈಂಬಿಂಗ್ ಹೆಲ್ಮೆಟ್‌ಗೆ ಮಾತ್ರ ದಯವಿಟ್ಟು ತೂತು ಕೊರೆಯಬೇಡಿ, ಚಿಪ್ಪು ಅಲ್ಲಿಂದಲೇ ಸೀಳಬಹುದು.