ಬೋರ್‌ವೆಲ್ ನೀರಿನ ಕೆಂಪು ಕಲೆ: ಸಾಫ್ಟ್‌ನರ್ ಕೊಳ್ಳಬೇಕೇ, ಬೇರೆ ದಾರಿ ಇದೆಯೇ?

ಪ್ರಶ್ನೆ (ಫೋಂಡಾ, ಗೋವಾ)

ಧಾರವಾಡದಿಂದ ಬಂದು ಫೋಂಡಾದ ಹೊರವಲಯದ ಮುರಕಲ್ಲಿನ ಗುಡ್ಡದ ಇಳಿಜಾರಿನಲ್ಲಿ ನೆಲೆಸಿರುವ ನಮಗೆ ಮನೆಬಳಕೆಗೆ ಬೋರ್‌ವೆಲ್ ನೀರೇ ಆಧಾರ. ಪಂಪಿನಿಂದ ಬರುವಾಗ ತಿಳಿಯಾಗಿರುವ ನೀರು ಬಕೆಟ್ಟಿನಲ್ಲಿ ಸಂಜೆಯವರೆಗೆ ನಿಂತರೆ ಕಾವಿ ಬಣ್ಣಕ್ಕೆ ತಿರುಗುತ್ತದೆ. ಬಚ್ಚಲಿನ ಟೈಲ್ಸ್, ಕಮೋಡು, ಬಿಳಿ ಪಂಚೆ ಎಲ್ಲವೂ ಕೆಂಪಾಗಿವೆ, ಚಹಾ ಕಪ್ಪಿಡುತ್ತದೆ. ಪರೀಕ್ಷೆಯಲ್ಲಿ ಕಬ್ಬಿಣ ಲೀಟರಿಗೆ 3 ಮಿಲಿಗ್ರಾಂ, ಪಿಎಚ್ (7ಕ್ಕಿಂತ ಕಡಿಮೆಯಾದರೆ ನೀರು ಆಮ್ಲೀಯ) 6.1 ಎಂದು ಬಂದಿದೆ. ಒಬ್ಬ ವ್ಯಾಪಾರಿ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಒಂದೇ ಸಾಕು ಎನ್ನುತ್ತಾರೆ. ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆವು, ಅದು ಇನ್ನಷ್ಟು ಕಚ್ಚಿಕೊಂಡಿತು. ಮುಂದೇನು ಮಾಡಬೇಕು?

ಉತ್ತರ 1 (ಪುಣೆ)

ಮೊದಲು ಕಬ್ಬಿಣ ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪುಣೆಯ ಕರಿಕಲ್ಲಿನ ನೆಲದ ನೀರು ಗಡಸು, ನಲ್ಲಿಗೆ ಬಿಳಿ ಪದರ ಕಟ್ಟುತ್ತದೆ. ಆದರೂ ನಮ್ಮ ಕಟ್ಟಡದಲ್ಲಿ ಕೆಂಪು ಕಲೆ ಕಾಣಿಸಿಕೊಂಡಿತ್ತು, ಕಾರಣ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಬೆಳಿಗ್ಗೆ ನಲ್ಲಿಯಿಂದ ಬರುವ ಮೊದಲ ನೀರನ್ನೂ ಪಂಪಿನ ಬಾಯಿಂದ ನೇರ ಹಿಡಿದ ನೀರನ್ನೂ ಎರಡು ಗಾಜಿನ ಲೋಟಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ನಿಮ್ಮದು ಆಮ್ಲೀಯ ನೀರಾದ್ದರಿಂದ ಕಬ್ಬಿಣದ ಪೈಪನ್ನೂ ತಿನ್ನುತ್ತಿರಬಹುದು.

ಉತ್ತರ 2 (ಮಡಗಾಂವ್)

ತಿಳಿಯಾಗಿ ಬಂದು ಆಮೇಲೆ ಕೆಂಪಾಗುವುದೆಂದರೆ ಕಬ್ಬಿಣ ನೀರಿನಲ್ಲಿ ಕರಗಿದ ರೂಪದಲ್ಲಿದೆ; ಗಾಳಿಯ ಆಮ್ಲಜನಕ ತಗುಲಿದಾಗ ಅದು ಕರಗದ ತುಕ್ಕಾಗಿ ಬೇರ್ಪಡುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೇ ಬಟ್ಟೆಗೂ ಪಿಂಗಾಣಿಗೂ ಕಲೆ ಹಿಡಿಯುತ್ತದೆ, ನಿಮ್ಮಲ್ಲಿ ಅದರ ಹತ್ತು ಪಟ್ಟು ಇದೆ. ಇಂಥ ನೀರನ್ನು ನೇರ ಸಾಫ್ಟ್‌ನರಿಗೆ ಬಿಟ್ಟರೆ ಅದರೊಳಗೆ ಗಡಸುತನ ಹೀರುವ ರಾಳದ (ರೆಸಿನ್) ಕಾಳುಗಳ ಮೇಲೆ ತುಕ್ಕು ಕೂತು, ಉಪ್ಪಿನ ನೀರಿನಲ್ಲಿ ಎಷ್ಟು ತೊಳೆದರೂ ಬಿಡುವುದಿಲ್ಲ. ಮೇಲಾಗಿ ಸಾಫ್ಟ್‌ನರ್ ಇರುವುದು ಗಡಸುತನಕ್ಕೆ. ಮುರಕಲ್ಲಿನ ನೀರು ಸಾಮಾನ್ಯವಾಗಿ ಮೆದುವಾಗಿಯೇ ಇರುತ್ತದೆ.

ನಿಮ್ಮ ನಿಜವಾದ ತೊಡಕು ಪಿಎಚ್. ಅದು ಒಂದು ಅಂಕ ಇಳಿದರೆ ಕಬ್ಬಿಣ ಗಾಳಿಯೊಡನೆ ಕೂಡುವ ವೇಗ ಸುಮಾರು ನೂರು ಪಟ್ಟು ತಗ್ಗುತ್ತದೆ, ಆದ್ದರಿಂದಲೇ ನಿಮ್ಮ ಬಕೆಟ್ಟು ಕೆಂಪಾಗಲು ಸಂಜೆಯವರೆಗೆ ಕಾಯುತ್ತದೆ. ಪಂಪಿನ ನೀರನ್ನು ತೂತು ಕೊರೆದ ಪೈಪಿನಿಂದ ತುಂತುರಾಗಿ ಟ್ಯಾಂಕಿಗೆ ಬೀಳಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಆಮ್ಲಜನಕ ಸೇರುತ್ತದೆ, ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ತಾನಾಗಿ ಏರುತ್ತದೆ. ಅಷ್ಟರಿಂದ 7 ದಾಟದಿದ್ದರೆ ನೀರನ್ನು ಸುಣ್ಣಕಲ್ಲಿನ ಹರಳುಗಳ ಮೂಲಕ ಹಾಯಿಸಿ. ಹರಳು ಕರಗುತ್ತ ಹೋಗುವುದರಿಂದ ಆಗಾಗ ತುಂಬಬೇಕಾಗುತ್ತದೆ. ರಾತ್ರಿಯಿಡೀ ತಂಗಿಸಿ, ತಳದಿಂದ ಒಂದಡಿ ಮೇಲಿನಿಂದ ನೀರು ತೆಗೆದು, ಮರಳಿನ ಫಿಲ್ಟರಿಗೆ ಬಿಡಿ.

ಉತ್ತರ 3 (ವಾಸ್ಕೋ)

ಕಲೆಯ ಬಗ್ಗೆ ಮಾತ್ರ ಹೇಳುತ್ತೇನೆ. ಬ್ಲೀಚ್ ಕಬ್ಬಿಣವನ್ನು ಇನ್ನಷ್ಟು ತುಕ್ಕಾಗಿಸಿ ನೂಲಿಗೆ ಕಚ್ಚಿಸುತ್ತದೆ, ಅದನ್ನು ಬಿಟ್ಟುಬಿಡಿ. ಬಟ್ಟೆಗೆ ನಿಂಬೆರಸ ಅಥವಾ ಸಿಟ್ರಿಕ್ ಆಮ್ಲದ ನೀರು ಸಾಕು. ಕಮೋಡಿನ ಹಳೆಯ ಕಲೆಗೆ ಆಕ್ಸಾಲಿಕ್ ಆಮ್ಲ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ವಿಷ: ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಬ್ಲೀಚಿನೊಂದಿಗೆ ಎಂದಿಗೂ ಬೆರೆಸಬೇಡಿ. ಅಮೃತಶಿಲೆಯ ಮೇಲೆ ಯಾವ ಆಮ್ಲವನ್ನೂ ಸುರಿಯಬೇಡಿ, ಹೊಳಪು ಹೋಗುತ್ತದೆ.

ಪ್ರಶ್ನೆ ಕೇಳಿದವರು

ಎರಡೂ ಲೋಟಗಳು ಒಂದೇ ರೀತಿ ಕೆಂಪಾದವು, ಹಾಗಾಗಿ ಪೈಪಿನ ತಪ್ಪಲ್ಲ. ನಮ್ಮಲ್ಲಿ ಸಂಪ್ ಇಲ್ಲ, ತಾರಸಿಯ ಮೇಲೆ ಸಾವಿರ ಲೀಟರಿನ ಒಂದೇ ಟ್ಯಾಂಕಿದೆ. ಫ್ಲಶ್ ತೊಟ್ಟಿಯೊಳಗೆ ಲೋಳೆಯಂಥದ್ದು ಕೂಡ ಕಟ್ಟಿದೆ.

ಉತ್ತರ 2 (ಮಡಗಾಂವ್)

ಲೋಳೆ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ್ದಿರಬಹುದು. ಅದಿದ್ದರೆ ಬೋರ್‌ವೆಲ್ಲಿಗೇ ಒಮ್ಮೆ ಹೆಚ್ಚಿನ ಕ್ಲೋರಿನ್ ಹಾಕಿಸಿ ತೊಳೆಸಬೇಕು. ಟ್ಯಾಂಕಿನ ವಿಷಯದಲ್ಲಿ, ಈಗಿರುವ ಟ್ಯಾಂಕಿಗಿಂತ ಎತ್ತರದ ಸ್ಟ್ಯಾಂಡಿನ ಮೇಲೆ ಇನ್ನೊಂದನ್ನು ಇಡಿಸಿ. ಮೇಲಿನದು ತಂಗಿಸಲು, ಕೆಳಗಿನದು ಬಳಸಲು, ನಡುವೆ ಮರಳು. ಜಾಗವಿಲ್ಲದಿದ್ದರೆ ಕ್ಲೋರಿನ್ ಮೊರೆಹೋಗಬಹುದು, ಅದು ಕಡಿಮೆ ಪಿಎಚ್‌ನಲ್ಲೂ ಬೇಗ ಕೆಲಸ ಮಾಡುತ್ತದೆ. ಒಂದು ಗ್ರಾಂ ಕಬ್ಬಿಣಕ್ಕೆ ಸುಮಾರು 0.64 ಗ್ರಾಂ ಕ್ಲೋರಿನ್ ಬೇಕು, ಅಂದರೆ ನಿಮ್ಮ ಟ್ಯಾಂಕಿನ 3 ಗ್ರಾಂ ಕಬ್ಬಿಣಕ್ಕೆ ಎರಡು ಗ್ರಾಂನಷ್ಟು, ಶೇಕಡಾ 25ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರಿನಲ್ಲಿ ಎಂಟು ಗ್ರಾಂ. ಕಲೆಗೆ ಕೂಡದೆಂದ ಪುಡಿಯೇ ಇಲ್ಲಿ ನೆರವಿಗೆ ಬರುತ್ತದೆ, ಏಕೆಂದರೆ ತುಕ್ಕು ಬಟ್ಟೆಗೆ ತಲುಪುವ ಮೊದಲೇ ಮರಳಿನಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆ ಮರಳನ್ನು ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಹಿಮ್ಮುಖವಾಗಿ ತೊಳೆಯಿರಿ, ಆ ಕೆಂಪು ನೀರನ್ನು ಅಂಗಳದ ಕಲ್ಲುಹಾಸಿಗೆ ಬಿಡದೆ ತೆಂಗಿನ ಬುಡಕ್ಕೆ ಹರಿಸಿ.