ಸಿಲಾಜಿಸಂ (ಎರಡು ಹೇಳಿಕೆಗಳಿಂದ ತೀರ್ಮಾನ ತೆಗೆಯುವ ತರ್ಕ): ಎರಡೂ ಹೇಳಿಕೆಯಲ್ಲಿ ಒಂದೇ ಪದ ಇದ್ದರೂ ತೀರ್ಮಾನ ಯಾಕೆ ಬರಲ್ಲ?

ಪ್ರಶ್ನೆ:
ಹೇಳಿಕೆ 1: ಎಲ್ಲ ಶಿಕ್ಷಕರು ಪದವೀಧರರು.
ಹೇಳಿಕೆ 2: ಕೆಲವು ಪದವೀಧರರು ಕವಿಗಳು.
ತೀರ್ಮಾನ: ಕೆಲವು ಶಿಕ್ಷಕರು ಕವಿಗಳು.
ಕೀ ಉತ್ತರದಲ್ಲಿ ‘ತಪ್ಪು’ ಎಂದಿದೆ. ‘ಪದವೀಧರರು’ ಎಂಬ ಕೊಂಡಿ ಇದೆಯಲ್ಲ? ಕುವೆಂಪು ಮೇಷ್ಟ್ರೂ ಹೌದು, ಕವಿಯೂ ಹೌದು!

ಉತ್ತರ 1:
ಕುವೆಂಪು ಅವರನ್ನು ಬಿಡಿ ಸರ್, ಅವರು ಹೇಳಿಕೆಯಲ್ಲಿಲ್ಲ. ಮೊದಲ ಹೇಳಿಕೆ ಮಾತಾಡುವುದು ಎಲ್ಲ ಶಿಕ್ಷಕರ ಬಗ್ಗೆ, ಎಲ್ಲ ಪದವೀಧರರ ಬಗ್ಗೆ ಅಲ್ಲ. ಎರಡನೆಯದೂ ಕೆಲವೇ ಪದವೀಧರರ ಬಗ್ಗೆ. ಆ ಗುಂಪು ಬೇರೆ, ಈ ಗುಂಪು ಬೇರೆ ಇರಬಹುದು. ಎರಡೂ ಹೇಳಿಕೆಯಲ್ಲಿ ಬರುವ ಮಧ್ಯಪದ (ಇಲ್ಲಿ ‘ಪದವೀಧರರು’) ಒಮ್ಮೆಯಾದರೂ ಪೂರ್ತಿ ವ್ಯಾಪ್ತವಾಗಿರಬೇಕು, ಅಂದರೆ ಆ ಗುಂಪಿನ ಎಲ್ಲರ ಬಗ್ಗೆ ಹೇಳಿರಬೇಕು, ಇಲ್ಲಿ ಎರಡು ಕಡೆಯೂ ಆಗಿಲ್ಲ.
ಅನುಮಾನ ಬಂದರೆ ಪದ ಬದಲಿಸಿ ನೋಡಿ: ಎಲ್ಲ ಬೆಕ್ಕುಗಳು ಪ್ರಾಣಿಗಳು, ಕೆಲವು ಪ್ರಾಣಿಗಳು ನಾಯಿಗಳು, ಆದ್ದರಿಂದ ಕೆಲವು ಬೆಕ್ಕುಗಳು ನಾಯಿಗಳು! ಚೌಕಟ್ಟು ಅದೇ. ಕೆಡಿಸಲು ಇಂಥದೊಂದು ಉದಾಹರಣೆ ಸಾಕು.

ಉತ್ತರ 2:
ನೆನಪಿಗೆ: ‘ಎಲ್ಲ’ ಇದ್ದರೆ ಮೊದಲ ಪದ ಮಾತ್ರ ವ್ಯಾಪ್ತ, ‘ಯಾವುದೂ ಅಲ್ಲ’ ಇದ್ದರೆ ಎರಡೂ, ‘ಕೆಲವು’ ಇದ್ದರೆ ಯಾವುದೂ ಇಲ್ಲ, ‘ಕೆಲವು ಅಲ್ಲ’ ಇದ್ದರೆ ಎರಡನೆಯದು.
ಹೆಚ್ಚಿನವರು ಎಡವುವುದು ‘ಎಲ್ಲ ಶಿಕ್ಷಕರು ಪದವೀಧರರು’ ಎಂಬುದನ್ನು ಮನಸ್ಸಲ್ಲೇ ತಿರುಗಿಸಿ ‘ಎಲ್ಲ ಪದವೀಧರರು ಶಿಕ್ಷಕರು’ ಎಂದು ಓದಿಕೊಂಡು. ಹಾಗೆ ಇದ್ದಿದ್ದರೆ ನಿಮ್ಮ ತೀರ್ಮಾನ ಸರಿಯೇ.
ಇನ್ನೊಂದು: ಎರಡನೇ ತೀರ್ಮಾನವಾಗಿ ‘ಯಾವ ಶಿಕ್ಷಕರೂ ಕವಿಗಳಲ್ಲ’ ಎಂದೂ ಕೊಟ್ಟಿದ್ದರೆ, ‘1 ಅಥವಾ 2’ ಆಯ್ಕೆಯನ್ನು ಗುರುತು ಮಾಡಿ. ಎರಡೂ ಬಿಡಿಯಾಗಿ ಸಿದ್ಧವಾಗಲ್ಲ, ಆದರೆ ಎರಡೂ ಸುಳ್ಳಾಗಲೂ ಆಗದು.

ಉತ್ತರ 3:
ನ್ಯಾಯ ಎಂಬ ಭಾರತೀಯ ತರ್ಕಶಾಸ್ತ್ರದ ಕೈಪಿಡಿಯಾದ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಇದರ ನೆಂಟನಿದ್ದಾನೆ. ‘ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಬೆಟ್ಟ ಪ್ರಮೇಯ’, ಅಂದರೆ ಅರಿಯಬಹುದಾದ ವಸ್ತು. ಕೆರೆಯೂ ಪ್ರಮೇಯವೇ, ಅಲ್ಲಿ ಬೆಂಕಿಯಿಲ್ಲ. ಸಾಧ್ಯ (ಸಾಧಿಸಬೇಕಾದದ್ದು, ಇಲ್ಲಿ ಬೆಂಕಿ) ಇಲ್ಲದ ಕಡೆಯೂ ಹೇತು (ಕೊಟ್ಟ ಕಾರಣ, ಇಲ್ಲಿ ಪ್ರಮೇಯವಾಗಿರುವುದು) ಸಿಗುವುದರಿಂದ ಇದು ಸಾಧಾರಣ ಸವ್ಯಭಿಚಾರ, ಅಂದರೆ ಹೇತು ದಾರಿ ತಪ್ಪುವ ದೋಷ.
ಆದರೆ ಎರಡೂ ಒಂದೇ ಎನ್ನಬೇಡಿ. ನ್ಯಾಯದವರು ‘ಪ್ರಮೇಯವಾದದ್ದೆಲ್ಲ ಬೆಂಕಿಯುಳ್ಳದ್ದು’ ಎಂಬ ವ್ಯಾಪ್ತಿಯೇ (ಹೇತು ಇದ್ದಲ್ಲೆಲ್ಲ ಸಾಧ್ಯ ಇರುತ್ತದೆ ಎಂಬ ನಿಯಮ) ಸುಳ್ಳು ಅನ್ನುತ್ತಾರೆ. ಸಿಲಾಜಿಸಂನಲ್ಲಿ ಹೇಳಿಕೆಗಳು ನಿಜವಾಗಿದ್ದರೂ ಜೋಡಣೆ ತಪ್ಪು. ‘ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ’ ಕೂಡ ವ್ಯಾಪ್ತಿ ಸುಳ್ಳಾಗಿಯೇ ಬೀಳುತ್ತದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯೂ ಬೇಕು. ಹೀಗೆ ಹೇತುವಿನ ಜೊತೆಗೆ ಬೇಕಾಗುವ ಇನ್ನೊಂದು ಷರತ್ತನ್ನೇ ಅವರು ಉಪಾಧಿ ಎನ್ನುವುದು.

ಪ್ರಶ್ನೆ ಕೇಳಿದವರು:
ಹಾಗಾದರೆ ಹೇಳಿಕೆ 2 ‘ಎಲ್ಲ ಪದವೀಧರರು ಕವಿಗಳು’ ಎಂದಿದ್ದರೆ?

ಉತ್ತರ 1:
ಆಗ ಮಧ್ಯಪದ ವ್ಯಾಪ್ತವಾಯಿತು. ‘ಎಲ್ಲ ಶಿಕ್ಷಕರು ಕವಿಗಳು’ ಎಂದೇ ಬರುತ್ತದೆ.