ತೋಟದ ಮನೆಯ ದಾರಿಗೆ ಸ್ಕಾರ್ಪಿಯೋ-ಎನ್ ಫೋರ್-ಬೈ-ಫೋರ್ ಅಗತ್ಯವೇ?

ಪ್ರಶ್ನೆ:
ಅಮ್ಮನೂ ಸೇರಿ ನಮ್ಮ ಮನೆಯಲ್ಲಿ ಆರು ಮಂದಿ. ವಾಸ ಶಿವಮೊಗ್ಗದಲ್ಲಿ, ಅಡಿಕೆ ತೋಟ ಕೊಪ್ಪದ ಕಡೆ. ಡಾಂಬರು ಮುಗಿದ ಮೇಲಿನ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ ಮಳೆಗಾಲವಿಡೀ ಕೆಸರಾಗಿರುತ್ತದೆ. ಕೊನೆಯಲ್ಲಿ ಒಂದು ಹಳ್ಳ, ಅದರಾಚೆ ಕಡಿದಾದ ಏರು. ಮಹೀಂದ್ರಾ ಸ್ಕಾರ್ಪಿಯೋ-ಎನ್ ಕೊಳ್ಳುವ ಯೋಚನೆಯಿದ್ದು, ಫೋರ್-ಬೈ-ಫೋರ್‌ಗೆ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಕೊಡುವ ವ್ಯವಸ್ಥೆಗೆ) ಹೆಚ್ಚಿನ ಹಣ ಕೊಡುವುದು ಸಾರ್ಥಕವೇ ಎಂಬುದನ್ನು ಬಳಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಸಾರ್ಥಕವೆಂದೇ ನನ್ನ ಅನುಭವ. ಫೋರ್-ಬೈ-ಫೋರ್ ಡೀಸೆಲ್‌ನಲ್ಲಿ ಮಾತ್ರ ಸಿಗುತ್ತದೆ, 2.2 ಲೀಟರ್ ಎಂಜಿನ್, 175 ಪಿಎಸ್ ಶಕ್ತಿ. ಆದರೆ ನಿಮ್ಮ ಏರಿನಲ್ಲಿ ಕೈಹಿಡಿಯುವುದು ಈ ಅಂಕಿಗಳಿಗಿಂತ ಹೆಚ್ಚಾಗಿ ಲೋ ರೇಂಜ್, ಅಂದರೆ ವೇಗ ತಗ್ಗಿಸಿ ಚಕ್ರಗಳಿಗೆ ಹೆಚ್ಚು ಎಳೆತ ಕೊಡುವ ಗೇರ್ ವ್ಯವಸ್ಥೆ. ಅದರಲ್ಲಿ ಮೊದಲ ಗೇರ್ ಹಾಕಿದರೆ ಗಾಡಿ ನಡಿಗೆಯ ವೇಗದಲ್ಲಿ ಏರುತ್ತದೆ. ಇಳಿಯುವಾಗ ಎಂಜಿನ್ನೇ ಹಿಡಿದುಕೊಳ್ಳುವುದರಿಂದ, ಬ್ರೇಕ್ ಒತ್ತಿ ಕೆಸರಿನಲ್ಲಿ ಜಾರುವ ಭಯ ಕಡಿಮೆ. ಹಿಂದಿನ ಒಂದು ಚಕ್ರ ಹಿಡಿತ ತಪ್ಪಿ ಸುತ್ತತೊಡಗಿದರೆ ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ತಾನಾಗಿಯೇ ಲಾಕ್ ಆಗಿ ಇನ್ನೊಂದಕ್ಕೆ ಬಲ ಕೊಡುತ್ತದೆ.

ಇಷ್ಟೆಲ್ಲ ಇದ್ದೂ ಒಮ್ಮೆ ನಾನು ಹೂತುಕೊಂಡೆ. ತಪ್ಪು ನನ್ನದೇ: ಸವೆದ ಟೈರ್‌ಗಳಲ್ಲೇ ಹೊರಟಿದ್ದೆ. ಅವುಗಳ ಗೀರುಗಳಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ನಾಲ್ಕೂ ಚಕ್ರ ನುಣ್ಣಗೆ ತಿರುಗುತ್ತಿದ್ದವು. ಪಕ್ಕದ ತೋಟದವರ ಟ್ರ್ಯಾಕ್ಟರ್ ಬಂದು ಎಳೆಯಬೇಕಾಯಿತು. ಆದ್ದರಿಂದ ಮಣ್ಣಿನ ದಾರಿಗೂ ಒಗ್ಗುವ ಆಲ್-ಟೆರೇನ್ ಟೈರ್‌ಗೂ ಹಣ ಎತ್ತಿಡಿ.

ಉತ್ತರ 2:
ಹಳ್ಳದ ಬಗ್ಗೆ ಒಂದು ಎಚ್ಚರಿಕೆ. 500 ಮಿಲಿಮೀಟರ್ ನೀರಿನವರೆಗೆ ಹೋಗಬಹುದು ಎಂಬ ಅಂಕಿಯನ್ನು ನಂಬಿ ಹರಿಯುವ ನೀರಿಗೆ ಇಳಿಯಬೇಡಿ. ದಡದಿಂದಲೇ ಕೋಲು ಇಳಿಸಿ ನೋಡಿ. ಸೆಳೆತವಿದ್ದರೆ ಆಳ ಕಡಿಮೆಯಿದ್ದರೂ ಕಾಯುವುದೇ ಸರಿ.

ಮೂರನೆಯ ಸಾಲಿನ ವಿಷಯವನ್ನು ಮಾರುವವರು ಒತ್ತಿ ಹೇಳುವುದಿಲ್ಲ. ಅಲ್ಲಿ ಎಸಿ ಕಿಂಡಿಯಿಲ್ಲ, ಆ ಸೀಟನ್ನು ಕೂರಲು ಬಿಡಿಸಿದರೆ ಹಿಂದೆ ಒಂದೆರಡು ಕೈಚೀಲಕ್ಕಷ್ಟೇ ಜಾಗ. ಅಡಿಕೆ ಮೂಟೆಯ ಮಾತಂತೂ ದೂರ. ಲ್ಯಾಡರ್ ಚಾಸಿಯ (ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ) ಗಾಡಿಯಾದ್ದರಿಂದ ಹತ್ತುವ ಎತ್ತರವೂ ಹೆಚ್ಚು. ತಾಯಿಯವರನ್ನು ಷೋರೂಮಿಗೆ ಕರೆದೊಯ್ದು ಮಧ್ಯದ ಸಾಲಿಗೆ ಹತ್ತಿಸಿ, ಇಳಿಸಿ ನೋಡಿ. ಹಾಗೆಂದು ಇನ್ನೊಂದು ಫೋರ್-ಬೈ-ಫೋರ್ ಗಾಡಿಯಾದ ಮಹೀಂದ್ರಾ ಥಾರ್ ರಾಕ್ಸ್ ಆರು ಮಂದಿಯ ನಿಮಗೆ ಆಗದು, ಅದರಲ್ಲಿ ಐದೇ ಸೀಟು, ಮಾರುತಿ ಜಿಮ್ನಿಯಲ್ಲಿ ನಾಲ್ಕು. 2022ರ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಸ್ಕಾರ್ಪಿಯೋ-ಎನ್‌ಗೆ ವಯಸ್ಕರ ಸುರಕ್ಷತೆಯಲ್ಲಿ 5 ನಕ್ಷತ್ರ ಬಂದರೂ ಮಕ್ಕಳ ಸುರಕ್ಷತೆಯಲ್ಲಿ ಬಂದದ್ದು 3.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಶಿವಮೊಗ್ಗದಿಂದಲೇ ಫೋರ್-ಬೈ-ಫೋರ್ ಹಾಕಿಕೊಂಡು ಹೊರಡಬಹುದೇ?

ಉತ್ತರ 1:
ಬೇಡ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆಬೇರೆ. ಒಣ ಡಾಂಬರಿನ ಮೇಲೆ ಚಕ್ರ ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸಲಾರದೆ ಗೇರುಗಳ ಮೇಲೆ ಬಿಗಿತ ಬೀಳುತ್ತದೆ. ಡಾಂಬರು ಮುಗಿಯುವಲ್ಲಿ ಹಾಕಿ. ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಲೋ ರೇಂಜ್‌ಗೆ ಬದಲಿಸಿ.